ಲೆಕ್ಕದ ಅಕ್ಕ ಗಿರಣಿ ಬಿಟ್ಟ ಬಗೆ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಅಕ್ಕಿ ಗಿರಣಿಗಳ, ದಲಾಲಿ ಮಂಡಿಗಳ ತೆರಿಗೆ ಲೆಕ್ಕ ನೋಡಿಕೊಳ್ಳುವುದು ನನ್ನ ವೃತ್ತಿ. ಇಪ್ಪತ್ತೈದು ವರ್ಷಗಳಿಂದ ಇದೇ ಕೆಲಸ. ಇಷ್ಟು ಕಾಲದಲ್ಲಿ ಎಷ್ಟೋ ಗುಮಾಸ್ತರು, ಲೆಕ್ಕಿಗರು ಕೆಲಸ ಬಿಟ್ಟದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಒಬ್ಬರು ತಿಜೋರಿಯ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ಹೋದರು. ಇನ್ನೊಬ್ಬರು ದುಗ್ಗಮ್ಮನ ಜಾತ್ರೆಗೆಂದು ರಜೆ ಹಾಕಿದವರು ತಿರುಗಿ ಬರಲೇ ಇಲ್ಲ, ಫೋನನ್ನೂ ಎತ್ತಲಿಲ್ಲ. ನಾನು ನನ್ನ ಮೊದಲ ಕೆಲಸವನ್ನು ಬಿಟ್ಟದ್ದೂ ಹೆಮ್ಮೆಪಡುವ ರೀತಿಯಲ್ಲಿ ಅಲ್ಲ. ಆಡಿಟ್ ಗಡುವು ಹತ್ತಿರ ಬಂದಿದ್ದಾಗ ಮೂರು ಕಡತಗಳನ್ನು ಅರ್ಧಕ್ಕೆ ನಿಲ್ಲಿಸಿ ಹೊರಟುಬಿಟ್ಟೆ. ನನಗೆ ಕೆಲಸ ಕಲಿಸಿದ ಹಿರಿಯರು ರಾತ್ರಿಯೆಲ್ಲ ಕುಳಿತು ಅವನ್ನು ತಾವೇ ಮುಗಿಸಿದರೆಂದು ಆಮೇಲೆ ತಿಳಿಯಿತು. ಅವರು ನನಗೆ ಒಂದು ಮಾತೂ ಆಡಲಿಲ್ಲ. ಆದರೆ ಅವರು ಎದುರಿಗೆ ಬರುತ್ತಿರುವುದು ಕಂಡರೆ ಆರು ವರ್ಷಗಳ ಕಾಲ ನಾನು ಬೇರೆ ರಸ್ತೆ ಹಿಡಿದೆ.

ಅದಕ್ಕೇ 2023ರ ಅಕ್ಟೋಬರ್‌ನಿಂದ 2024ರ ಜನವರಿಯವರೆಗೆ ನನ್ನ ಕಣ್ಣೆದುರು ನಡೆದ ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕೆನಿಸಿತು. ಎರಡೂ ಕಡೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಗಿರಣಿ, ಯಜಮಾನರು, ಅಕ್ಕ

ಗಿರಣಿ ಇರುವುದು ಹರಿಹರದ ಕಡೆಗೆ ಹೋಗುವ ದಾರಿಯಲ್ಲಿ. ಭದ್ರಾ ಅಚ್ಚುಕಟ್ಟಿನ ಭತ್ತ, ಅಂದರೆ ಮಲೇಬೆನ್ನೂರು, ಹೊನ್ನಾಳಿ, ಹರಿಹರದ ಸುತ್ತಲಿನ ಹಳ್ಳಿಗಳ ಬೆಳೆ ಇಲ್ಲಿಗೆ ಬರುತ್ತದೆ. ಹಾಜರಿ ಪುಸ್ತಕದಲ್ಲಿ 22 ಜನ. ಹಮಾಲರ ಲೆಕ್ಕ ಬೇರೆ. ಅರವತ್ತು ದಾಟಿದ ಯಜಮಾನರು ಬೆಳಗಿನ ಎಂಟಕ್ಕೆ ಬಂದು ತೂಕದ ಚೀಟಿಗಳನ್ನು ತಾವೇ ಒಮ್ಮೆ ತಿರುವಿ ಹಾಕುತ್ತಾರೆ. ಮಗ ಬೆಂಗಳೂರಿನಲ್ಲಿ ಓದಿ ಬಂದು ಮಾರಾಟ ನೋಡಿಕೊಳ್ಳುತ್ತಾರೆ.

ಈ ಬರಹದ ಕೇಂದ್ರದಲ್ಲಿರುವವರು ಅಲ್ಲಿ ಲೆಕ್ಕ ವಿಭಾಗ ನಡೆಸುತ್ತಿದ್ದ ಹೆಣ್ಣುಮಗಳು. ಇಡೀ ಗಿರಣಿ ಅವರನ್ನು ‘ಲೆಕ್ಕದ ಅಕ್ಕ’ ಎಂದೇ ಕರೆಯುತ್ತಿತ್ತು. ನನಗಿಂತ ಹದಿನೈದು ವರ್ಷ ಚಿಕ್ಕವರಾದರೂ ನನಗೂ ಅದೇ ರೂಢಿಯಾಗಿದೆ. 2015ರ ಜೂನ್‌ನಲ್ಲಿ ಬಿ.ಕಾಂ. ಪದವಿ, ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ತಿಳಿವಳಿಕೆ ಹಿಡಿದುಕೊಂಡು ಸೇರಿದವರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಗಿರಣಿಯ ಹಳೆಯ ಖಾತೆಗಳನ್ನೆಲ್ಲ ಹೊಸ ಪದ್ಧತಿಗೆ ತಿರುಗಿಸಿದ್ದು ಇವರು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ತುಂಬಿ ಲೇಬಲ್ ಹಚ್ಚಿದ ಅಕ್ಕಿ ಚೀಲಗಳಿಗೆಲ್ಲ ಶೇಕಡಾ 5 ತೆರಿಗೆ ಬಿದ್ದಿತು. ಗಿರಣಿಗಳು 26 ಕಿಲೋ ಚೀಲಕ್ಕೆ ಹೊರಳತೊಡಗಿದವು. ಗೋದಾಮಿನಲ್ಲಿ ಉಳಿದಿದ್ದ ಹಳೆಯ ಚೀಲಗಳನ್ನು ಎಣಿಸಿ, ಯಾವ ಸರಕಿಗೆ ಯಾವ ಬಿಲ್ಲು ಎಂದು ನಾವಿಬ್ಬರೂ ರಾತ್ರಿ ಹತ್ತರವರೆಗೆ ಕುಳಿತದ್ದು ನೆನಪಿದೆ. ಯಜಮಾನರ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂದಿತ್ತು. ಅಂಥ ಬಾಂಧವ್ಯ ಅದು. ಬಿಡುವುದು ಕಷ್ಟವಾಗುವುದು ಇಂಥ ಕಡೆಯೇ.

2023ರ ಆಗಸ್ಟ್‌ನಲ್ಲಿ ಅಕ್ಕನಿಗೆ ಬೇರೆ ಕಡೆಯಿಂದ ಕರೆ ಬಂತು. ಸಂಬಳ 31,000ದಿಂದ 42,000ಕ್ಕೆ ಏರುತ್ತಿತ್ತು, ಕೆಲಸವೂ ದೊಡ್ಡದು. ಒಂದೇ ಒಂದು ತೊಡಕು: ಕರೆದವರು ಇದೇ ಗಿರಣಿಯಿಂದ ತೌಡು ಕೊಳ್ಳುವ ಎಣ್ಣೆ ಕಾರ್ಖಾನೆಯವರು.

ಲಾರಿ ಡ್ರೈವರ್ ತಂದ ಸುದ್ದಿ

ದೀಪಾವಳಿಯ ಪಾಡ್ಯದ ದಿನ ಹೊಸ ಖಾತೆ ಪೂಜೆ ಮುಗಿದ ಮೇಲೆ ಯಜಮಾನರಿಗೆ ಹೇಳಬೇಕೆಂದು ಅಕ್ಕ ಎಣಿಸಿದ್ದರು. ಹಬ್ಬಕ್ಕೆ ಮೊದಲು ಮನಸ್ಸು ನೋಯಿಸುವುದು ಬೇಡ ಎಂಬ ಒಳ್ಳೆಯ ಯೋಚನೆ. ಆದರೆ ಹೊಸ ಕಾರ್ಖಾನೆಯವರಿಗೆ ‘ನಾನು ಹೇಳುವವರೆಗೆ ಸುದ್ದಿ ನಿಮ್ಮಲ್ಲೇ ಇರಲಿ’ ಎಂದು ಹೇಳಿರಲಿಲ್ಲ. ಆಯುಧ ಪೂಜೆ ಮುಗಿದ ವಾರ ತೌಡು ತುಂಬಲು ಬಂದ ಲಾರಿಯ ಡ್ರೈವರ್, ಹಮಾಲರ ಮೇಸ್ತ್ರಿಯ ಹತ್ತಿರ ಬೀಡಿ ಹಚ್ಚಿಕೊಳ್ಳುತ್ತಾ, “ನಿಮ್ಮ ಲೆಕ್ಕದ ಅಕ್ಕ ನಮ್ಮ ಕಡೆ ಬರುತ್ತಿದ್ದಾರಂತಲ್ಲ” ಎಂದ. ಸಂಜೆಯೊಳಗೆ ಆ ಮಾತು ಯಜಮಾನರ ಕಿವಿ ಮುಟ್ಟಿತು.

ಮರುದಿನ ಬೆಳಿಗ್ಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. “ಏನಮ್ಮಾ, ನಮ್ಮ ಮನೆಯ ಸುದ್ದಿ ನನಗೆ ಲಾರಿ ಡ್ರೈವರ್‌ನಿಂದ ತಿಳಿಯಬೇಕೇ?”

2023 ಬರದ ವರ್ಷವೆಂಬುದನ್ನು ಇಲ್ಲಿ ಹೇಳಬೇಕು. ಭದ್ರಾ ನಾಲೆಯ ನೀರಿಗಾಗಿ ನಮ್ಮ ಜಿಲ್ಲೆಯ ರೈತರು ಬೀದಿಗಿಳಿದಿದ್ದರು. ಭತ್ತ ಎಷ್ಟು ಬರುತ್ತದೆ, ಯಾವ ಬೆಲೆಗೆ ಸಿಗುತ್ತದೆ ಎಂದು ಗಿರಣಿಯವರೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದ ಕಾಲ. ಅಂಥ ಹೊತ್ತಿನಲ್ಲಿ ಬಲಗೈಯಂತಿದ್ದವರು ಹೊರಡುತ್ತಾರೆಂದರೆ, ಅದೂ ತೌಡು ಕೊಳ್ಳುವವರ ಕಡೆಗೆ ಎಂದರೆ, ಯಜಮಾನರಿಗೆ ಹೇಗಾಗಿರಬೇಕು?

ಅಕ್ಕ ಸಬೂಬು ಹೇಳಲಿಲ್ಲ. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ ಘಳಿಗೆ ಅದು. ಡ್ರೈವರ್‌ನನ್ನು ಬೈಯಲಿಲ್ಲ, ಹಬ್ಬದ ಮಾತು ಎತ್ತಲಿಲ್ಲ. “ತಪ್ಪಾಯಿತು ಯಜಮಾನರೇ. ನಿಮಗೆ ಮೊದಲು ನಾನೇ ಹೇಳಬೇಕಿತ್ತು. ಸಂಜೆ ಹತ್ತು ನಿಮಿಷ ಬಿಡುವು ಕೊಟ್ಟರೆ ಎಲ್ಲವನ್ನೂ ಹೇಳುತ್ತೇನೆ” ಎಂದಷ್ಟೇ ಹೇಳಿ ತಮ್ಮ ಮೇಜಿಗೆ ಹೋಗಿ ಕುಳಿತರು. ಅವತ್ತಿನ ಸಂಜೆ ಯಜಮಾನರು ಬಿಡುವು ಕೊಡಲಿಲ್ಲ, ಮರುದಿನವೂ ಇಲ್ಲ. ಮೂರು ದಿನ ಲೆಕ್ಕದ ವಿಷಯಕ್ಕೂ ಮಗನ ಮೂಲಕವೇ ಮಾತು. ಆ ಮೂರು ದಿನವೂ ಅಕ್ಕ ಎಂದಿನಂತೆ ಒಂಬತ್ತಕ್ಕೆ ಬಂದರು, ಎಂದಿನಂತೆ ದಿನದ ರೋಖಡಿ (ನಗದು ಪುಸ್ತಕ) ತಾಳೆ ನೋಡಿ ಸಹಿಗೆ ಕಳುಹಿಸಿದರು. ಸಿಟ್ಟಿಗೆ ಸಿಟ್ಟು ಸೇರಿಸುವುದು ಸುಲಭವಿತ್ತು. ನಾಲ್ಕನೆಯ ದಿನ ಯಜಮಾನರೇ ಕರೆದು ಕೂರಿಸಿಕೊಂಡರು.

ಪತ್ರದಲ್ಲಿ ಏನಿರಬೇಕು

ಆ ನಡುವೆ ಒಂದು ಸಂಜೆ ಅಕ್ಕ ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ಒಂದೂವರೆ ಪುಟದ ರಾಜೀನಾಮೆ ಪತ್ರ. ಓದಿದೆ. ಮೊದಲ ಅರ್ಧ ಕೃತಜ್ಞತೆ, ಉಳಿದದ್ದೆಲ್ಲ ನೋವು. 2021ರಿಂದ ಸಂಬಳ ಏರಿರಲಿಲ್ಲ. ಅದೇ ವರ್ಷ ಖರೀದಿ ನೋಡಿಕೊಳ್ಳಲು ಬಂದ, ಅನುಭವ ಕಡಿಮೆಯಿದ್ದ ಒಬ್ಬರಿಗೆ ಇವರಿಗಿಂತ 6,000 ಹೆಚ್ಚು. ಸಂಬಳದ ಪಟ್ಟಿ ಸಿದ್ಧಪಡಿಸುತ್ತಿದ್ದವರು ಅಕ್ಕನೇ ಆದ್ದರಿಂದ ಪ್ರತಿ ತಿಂಗಳ ಕೊನೆಗೆ ಆ ಅಂಕಿಯನ್ನು ತಮ್ಮ ಕೈಯಾರೆ ಬರೆಯಬೇಕಿತ್ತು. ಎರಡು ವರ್ಷ, ಅಂದರೆ ಇಪ್ಪತ್ತನಾಲ್ಕು ಸಲಕ್ಕಿಂತ ಹೆಚ್ಚು.

ನೋವು ನಿಜವಾದದ್ದು. ಹಾಗಿದ್ದೂ ನಾನು ಹೇಳಿದೆ: “ಅಕ್ಕಾ, ಪತ್ರ ಕಡತಕ್ಕೆ ಹೋಗುತ್ತದೆ. ನಾಳೆ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ. ಇದನ್ನು ಬಾಯಿಂದ ಹೇಳಿ, ಎದುರು ಕುಳಿತು ಹೇಳಿ. ಒಂದೇ ಸಲ ಹೇಳಿ.” ನುಂಗಿಕೊಂಡು ಹೋಗಿ ಎಂದು ನಾನು ಹೇಳಲಿಲ್ಲ. ಹೊರಡುವವರು ಎಲ್ಲವನ್ನೂ ನುಂಗಿಕೊಂಡು ನಗುನಗುತ್ತಾ ಹೋಗಬೇಕೆಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ಹಾಗೆ ನುಂಗಿದ್ದು ಹೊರಗೆ ಹೋದ ಮೇಲೆ ಊರ ಬಾಯಲ್ಲಿ ಬರುತ್ತದೆ. ಯಜಮಾನರಿಗೆ ಮಾತ್ರ ತಲುಪುವುದಿಲ್ಲ. ತಲುಪದಿದ್ದರೆ ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗೂ ಅದೇ ಗತಿ.

ಕೊನೆಗೆ ಯಜಮಾನರ ಕೈಗೆ ಹೋದ ಪತ್ರ ಇಷ್ಟು:

“ಯಜಮಾನರಿಗೆ ನಮಸ್ಕಾರಗಳು. 2015ರ ಜೂನ್‌ನಿಂದ ತಮ್ಮ ಗಿರಣಿಯ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೇರೊಂದು ಸಂಸ್ಥೆಗೆ ಸೇರಲು ನಿರ್ಧರಿಸಿರುವುದರಿಂದ 2024ರ ಜನವರಿ 31ರಂದು ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅಷ್ಟರೊಳಗೆ ಎಲ್ಲ ಲೆಕ್ಕಗಳನ್ನು ತಾವು ಸೂಚಿಸಿದವರಿಗೆ ಒಪ್ಪಿಸುತ್ತೇನೆ. ಈ ಕೆಲಸವನ್ನು ನಾನು ಕಲಿತದ್ದು ಇಲ್ಲಿಯೇ.”

ನೇಮಕ ಪತ್ರದಲ್ಲಿ ಇದ್ದದ್ದು ಒಂದು ತಿಂಗಳ ಮುನ್ಸೂಚನೆ. ಅಕ್ಕ ಕೊಟ್ಟದ್ದು ಮೂರು ತಿಂಗಳು. ಸಾಮಾನ್ಯವಾಗಿ ನಾನು ಇದನ್ನು ಒಪ್ಪುವುದಿಲ್ಲ. ಹೊರಡುವುದು ಖಚಿತವಾದ ಮೇಲೆ ಹೆಚ್ಚು ದಿನ ಉಳಿದಷ್ಟೂ ಇಬ್ಬರಿಗೂ ಮುಜುಗರ. ಆರು ವಾರ ಸಾಕು. ಇಲ್ಲಿ ಕಾರಣವಿತ್ತು. ಮುಂಗಾರಿನ ಭತ್ತ ಗಿರಣಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಜಿಎಸ್‌ಟಿ ವಾರ್ಷಿಕ ವಿವರಪಟ್ಟಿಗೆ (ರಿಟರ್ನ್) ಡಿಸೆಂಬರ್ 31 ಗಡುವು, ಮೂರನೆಯ ತ್ರೈಮಾಸಿಕದ ಟಿಡಿಎಸ್ (ಪಾವತಿಯ ಮೂಲದಲ್ಲೇ ಕಡಿತವಾದ ತೆರಿಗೆ) ವಿವರಪಟ್ಟಿಗೆ ಜನವರಿ 31. ಸುಗ್ಗಿಯ ನಡುವೆ ಬಿಟ್ಟರೆ ಗಿರಣಿ ಮುಗ್ಗರಿಸುತ್ತಿತ್ತು. ಅಕ್ಕ ಹೊಸ ಕಾರ್ಖಾನೆಯವರಿಗೆ ಇದನ್ನೇ ವಿವರಿಸಿ ಫೆಬ್ರುವರಿ 1ರಂದು ಸೇರುತ್ತೇನೆಂದರು. ಅವರು ಮೊದಲು ಗೊಣಗಿದರು. ಆಮೇಲೆ ಅಲ್ಲಿನ ಹಿರಿಯರೊಬ್ಬರು, “ಅಲ್ಲಿ ಹೀಗೆ ನಡೆದುಕೊಳ್ಳುವವರು ನಾಳೆ ನಮ್ಮಲ್ಲೂ ಹೀಗೇ ನಡೆದುಕೊಳ್ಳುತ್ತಾರೆ, ಕಾಯೋಣ” ಎಂದರಂತೆ.

ಸಂಬಳದ ಮಾತನ್ನು ಅಕ್ಕ ನಾಲ್ಕನೆಯ ದಿನದ ಮಾತುಕತೆಯಲ್ಲಿ ಹೇಳಿದರು. “ಪ್ರತಿ ತಿಂಗಳು ಆ ಪಟ್ಟಿ ಬರೆಯುವಾಗ ಕೈ ತಡೆಯುತ್ತಿತ್ತು ಯಜಮಾನರೇ. ಮುಂದೆ ಬರುವವರಿಗೆ ಹಾಗಾಗದಿರಲಿ.” ಇಷ್ಟೇ. ಯಜಮಾನರು ಉತ್ತರ ಕೊಡಲಿಲ್ಲ. ಆದರೆ ಜನವರಿಯಲ್ಲಿ ಹೊಸಬರ ಸಂಬಳ ನಿಗದಿ ಮಾಡುವಾಗ ಖರೀದಿಯವರ ಸಂಬಳವನ್ನು ನನ್ನೆದುರೇ ಮಗನಿಗೆ ಕೇಳಿದರು.

ಬಿಡುವುದು, ಬಿಡಿಸಿಕೊಳ್ಳುವುದು

ಕೆಲಸ ಬಿಡುವುದು ಒಂದು ದಿನದ ಮಾತು. ಕೆಲಸದಿಂದ ಬಿಡಿಸಿಕೊಳ್ಳುವುದು ತಿಂಗಳುಗಳ ಕೆಲಸ. ಎಂಟೂವರೆ ವರ್ಷದಲ್ಲಿ ಮನುಷ್ಯರಿಗೂ ಸಂಸ್ಥೆಗೂ ಎಷ್ಟು ಗಂಟು ಬಿದ್ದಿರುತ್ತದೆ ಎಂಬುದು ಬಿಚ್ಚಲು ಕುಳಿತಾಗಲೇ ಕಾಣುವುದು.

ಮೊದಲ ಗಂಟು ಮೊಬೈಲ್ ಸಂಖ್ಯೆ. 2017ರ ಅವಸರದಲ್ಲಿ ಗಿರಣಿಯ ಜಿಎಸ್‌ಟಿ ನೋಂದಣಿಗೆ ಅಕ್ಕನ ಮೊಬೈಲ್ ಸಂಖ್ಯೆ, ಇಮೇಲ್ ಕೊಡಲಾಗಿತ್ತು. ಯಜಮಾನರಿಗೆ ಒಟಿಪಿಯ ಕಾಟ ಬೇಡವೆಂದು. ಅಂದಿನಿಂದ ವಿವರಪಟ್ಟಿ ಸಲ್ಲಿಸುವಾಗಲೆಲ್ಲ ಸಂದೇಶ ಬರುತ್ತಿದ್ದುದು ಅಕ್ಕನ ಫೋನಿಗೆ. ಆದಾಯ ತೆರಿಗೆ ಖಾತೆಗೂ ಅದೇ ಸಂಖ್ಯೆ. ಟಿಡಿಎಸ್, ಪಿಎಫ್ (ಭವಿಷ್ಯ ನಿಧಿ), ಸರಕು ಸಾಗಣೆಯ ಇ-ವೇ ಬಿಲ್, ಬ್ಯಾಂಕಿನ ಎಸ್‌ಎಂಎಸ್, ಬೆಸ್ಕಾಂ ಬಿಲ್ಲು, ವಿಮೆ, ಲಾರಿ ತೂಗುವ ವೇಬ್ರಿಡ್ಜ್ ರಿಪೇರಿಯವರ ದೂರು ಖಾತೆ, ಎಲ್ಲಕ್ಕೂ ಅದೇ. ಎಣಿಸಿದರೆ 14 ಕಡೆ. ದಾವಣಗೆರೆಯಲ್ಲಿ ಇದು ಒಂದು ಗಿರಣಿಯ ಕಥೆಯಲ್ಲ. ಯಾವ ಮಂಡಿಗೆ ಹೋದರೂ ಇಡೀ ವ್ಯವಹಾರದ ಬೀಗದ ಕೈ ಯಾರೋ ಒಬ್ಬ ಗುಮಾಸ್ತರ ಜೇಬಿನ ಫೋನಿನಲ್ಲಿರುತ್ತದೆ. ಮನಸ್ತಾಪವಾಗಿ ಹೊರಟವರು ಆ ಫೋನನ್ನು ಎತ್ತದೇ ಇದ್ದಾಗ ಮಾಲೀಕರು ನನ್ನ ಕಚೇರಿಗೆ ಓಡಿ ಬಂದದ್ದನ್ನು ಎರಡು ಸಲ ನೋಡಿದ್ದೇನೆ. 20ನೆಯ ತಾರೀಕಿನೊಳಗೆ ತಿಂಗಳ ವಿವರಪಟ್ಟಿ ಸಲ್ಲಿಸಬೇಕು, ಒಟಿಪಿ ಮಾತ್ರ ಬೇರೆಯವರ ಜೇಬಿನಲ್ಲಿ.

ಜಿಎಸ್‌ಟಿಯಲ್ಲಿ ಸಂಖ್ಯೆ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಅಧಿಕಾರಿಯ ಅನುಮೋದನೆ ಬೇಕಿಲ್ಲದ ತಿದ್ದುಪಡಿ ಅದು. ಹಳಬರು ಹೋಗುವ ಮೊದಲು ಮಾಡಿಸಬೇಕು, ಅಷ್ಟೇ. ಅಕ್ಕ ಇಲ್ಲಿ ಎರಡನೆಯ ತಪ್ಪು ಮಾಡಿದರು. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಂಡರು. ಜನವರಿ 25ರಿಂದ 31ರ ನಡುವೆ 14 ಕಡೆಯೂ ಬದಲಿಸಲು ಹೋಗಿ ಬ್ಯಾಂಕಿನದು, ಪಿಎಫ್‌ನದು ಉಳಿದೇಹೋದವು. ಫೆಬ್ರುವರಿಯಲ್ಲಿ ಎರಡು ಶನಿವಾರ ಗಿರಣಿಗೆ ಬಂದು ಮುಗಿಸಿಕೊಟ್ಟರು. ಮೊದಲ ವಾರವೇ ಶುರುಮಾಡಬಹುದಿತ್ತು.

ಗಿರಣಿಯ ಹೆಸರಿನಲ್ಲೇ ಒಂದು ಹೊಸ ಸಿಮ್ ಕೊಂಡು, ಅದನ್ನು ಒಂದು ಸಣ್ಣ ಫೋನಿಗೆ ಹಾಕಿ, ತಿಜೋರಿಯ ಪಕ್ಕದ ಗೂಡಿನಲ್ಲಿ ಇಡುವ ಏರ್ಪಾಡು ಮಾಡಿದೆವು. ಈಗಲೂ ಅದು ಅಲ್ಲಿಯೇ ಇದೆ.

ಟ್ಯಾಲಿಯಲ್ಲಿ ಇಲ್ಲದ ಮಾತು

ಅಕ್ಕನ ಜಾಗಕ್ಕೆ ಹೊರಗಿನಿಂದ ಒಬ್ಬರನ್ನು ತರಬೇಕೆಂದು ಯಜಮಾನರ ಮಗನ ಆಸೆ. ಅಕ್ಕ ವೇಬ್ರಿಡ್ಜ್‌ನಲ್ಲಿ ಕೂರುತ್ತಿದ್ದ ಹುಡುಗನ ಹೆಸರು ಹೇಳಿದರು. ಜಗಳೂರು ಕಡೆಯವನು, ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ತೂಕದ ಚೀಟಿ ಬರೆಯುತ್ತಿದ್ದ. ರೈತರ ಮುಖ ಪರಿಚಯವಿದೆ, ಅಂಕಿ ತಪ್ಪುವುದಿಲ್ಲ. ಸಲಹೆ ಕೊಟ್ಟು ಸುಮ್ಮನಾದರು; ಹಟ ಹಿಡಿಯಲಿಲ್ಲ. ಯಜಮಾನರು ಎರಡು ವಾರ ಯೋಚಿಸಿ ಹುಡುಗನನ್ನೇ ಕೂರಿಸಿದರು.

ಕಲಿಸುವುದರಲ್ಲಿ ಅಕ್ಕನದೊಂದು ಪದ್ಧತಿ ನಾನು ಮರೆಯಲಾರೆ. ನವೆಂಬರ್ ತಿಂಗಳ ವಿವರಪಟ್ಟಿಯನ್ನು ಅವರು ಮಾಡಿದರು, ಹುಡುಗ ನೋಡಿದ. ಡಿಸೆಂಬರ್ ತಿಂಗಳದನ್ನು ಹುಡುಗ ಮಾಡಿದ, ಅವರು ಹಿಂದೆ ಕುಳಿತರು. ನಾನೂ ಅಲ್ಲಿದ್ದೆ. ಹುಡುಗ ಖರೀದಿ ತೆರಿಗೆಯ ಒಂದು ಅಂಕಿಯನ್ನು ತಪ್ಪು ಮನೆಗೆ ಹಾಕಿದ. ಅಕ್ಕನ ಕೈ ಮೌಸ್‌ನ ಕಡೆಗೆ ತಾನಾಗಿಯೇ ಹೊರಟಿತು. ಅರ್ಧ ದಾರಿಯಲ್ಲಿ ನಿಲ್ಲಿಸಿ, ಪಕ್ಕದಲ್ಲಿದ್ದ ಸ್ಟೀಲ್ ಲೋಟವನ್ನು ಎರಡೂ ಕೈಯಿಂದ ಹಿಡಿದು ಕುಳಿತರು. ಚಹಾ ಆರಿಹೋಗಿತ್ತು. ಒಟ್ಟು ಮೊತ್ತ ತಾಳೆಯಾಗದೆ ಹುಡುಗ ತಡಕಾಡಿದ, ಐದು ನಿಮಿಷಕ್ಕೆ ತಾನೇ ತಪ್ಪು ಹಿಡಿದ. ಆಗ ಲೋಟ ಕೆಳಗಿಟ್ಟರು. ತಾವಿಲ್ಲದೆ ನಡೆಯುವಂತೆ ಮಾಡುವುದಕ್ಕೆ ಎಷ್ಟು ಬಿಗಿ ಬೇಕು ಎಂಬುದು ನನಗೆ ಆ ಕೈಗಳನ್ನು ನೋಡಿದಾಗ ಅರ್ಥವಾಯಿತು.

ಇನ್ನು ಆ ಪುಸ್ತಕ. ನೂರು ಪುಟದ, ನೀಲಿ ರಟ್ಟಿನ ನೋಟ್‌ಬುಕ್. ಡಿಸೆಂಬರ್‌ನಿಂದ ಪ್ರತಿದಿನ ಊಟವಾದ ಮೇಲೆ ಅರ್ಧ ಗಂಟೆ ಅಕ್ಕ ಅದರಲ್ಲಿ ಬರೆಯುತ್ತಿದ್ದರು. ಟ್ಯಾಲಿಯಲ್ಲಿ ಇಲ್ಲದ ಸಂಗತಿಗಳಿಗೆ ಮಾತ್ರ ಅದು. ಭತ್ತದ ಹಣ ಪೂರ್ತಿ ಒಯ್ಯದೆ ‘ಯಜಮಾನರ ಹತ್ತಿರವೇ ಇರಲಿ’ ಎಂದು ಬಿಟ್ಟುಹೋಗುವ ರೈತರು ನಮ್ಮ ಕಡೆ ಇಂದಿಗೂ ಇದ್ದಾರೆ. ಮೊತ್ತ ಟ್ಯಾಲಿಯಲ್ಲಿರುತ್ತದೆ, ಮಾತು ಇರುವುದಿಲ್ಲ. ಅಕ್ಕ ಮಾತುಗಳನ್ನು ಬರೆದರು. ಕೆಲವು ಸಾಲುಗಳನ್ನು ಅವರ ಅನುಮತಿಯಿಂದ ಕೊಡುತ್ತೇನೆ:

“ಹೊನ್ನಾಳಿ ಕಡೆಯ ಅಣ್ಣ–ತಮ್ಮ ಇಬ್ಬರ ಭತ್ತ ಒಂದೇ ಹೆಸರಿನಲ್ಲಿ ಬರುತ್ತದೆ. ಹಣ ಅರ್ಧರ್ಧ. ಇಬ್ಬರೂ ಒಟ್ಟಿಗೆ ಬಂದಾಗ ಮಾತ್ರ ಕೊಡುವುದು.”

“ಚೀಲದವರ ಬಿಲ್ಲಿನಲ್ಲಿ ನೂರಕ್ಕೆ ಎರಡು ಹರಿದ ಚೀಲ ಕಳೆಯಬೇಕು. 2019ರಲ್ಲಿ ಯಜಮಾನರು ಬಾಯಿಮಾತಿನಲ್ಲಿ ಒಪ್ಪಿಸಿದ್ದು.”

“ಮಲೇಬೆನ್ನೂರು ಕಡೆಯ ಅಜ್ಜ. ರೂ. 85,000 ನಮ್ಮಲ್ಲಿದೆ. ಯುಗಾದಿ ಕಳೆದ ಮೇಲೆ ಮನೆ ತಾರಸಿಗೆ ಬೇಕು. ಮಗ ಬಂದು ಕೇಳಿದರೆ ಕೊಡಬಾರದು. ಆದರೆ ಮಗನಿಗೆ ಬೇಸರವಾಗದಂತೆ ಹೇಳಬೇಕು.”

ಇಂಥವು ನಲವತ್ತಕ್ಕಿಂತ ಹೆಚ್ಚು. ಹುಡುಗನಿಗೆ ಒಪ್ಪಿಸುವ ಮೊದಲು ಪುಟಪುಟವನ್ನೂ ಯಜಮಾನರ ಮುಂದೆ ಓದಿದರು. ಮೂರು ಕಡೆ ಯಜಮಾನರು ತಿದ್ದಿದರು. ಹಲವು ಕಡೆ, “ಇದು ನನಗೇ ಮರೆತಿತ್ತಲ್ಲಮ್ಮ” ಎಂದರು.

ತೌಡಿನ ಗುಟ್ಟು

ಅಕ್ಕ ಹೋಗುತ್ತಿದ್ದುದು ಕೊಳ್ಳುವವರ ಕಡೆಗೆ ಎಂದೆನಲ್ಲ, ಅದರ ತೂಕ ತಿಳಿಯಬೇಕಾದರೆ ತೌಡಿನ ಸ್ವಭಾವ ತಿಳಿದಿರಬೇಕು. ಅಕ್ಕಿಗೆ ಪಾಲಿಶ್ ಆಗುವಾಗ ಉದುರುವ ತೌಡು ಆ ಕ್ಷಣದಿಂದಲೇ ಕೆಡಲು ತೊಡಗುತ್ತದೆ. ಅದರೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆದು ಆಮ್ಲದ ಅಂಶ ಏರಿಸುತ್ತದೆ. ಆಮ್ಲ ಏರಿದಷ್ಟೂ ಎಣ್ಣೆ ತೆಗೆಯುವವರಿಗೆ ನಷ್ಟ, ಆದ್ದರಿಂದ ಬೆಲೆ ಇಳಿಯುತ್ತದೆ. ಅಕ್ಕಿಯನ್ನು ಒಳ್ಳೆಯ ಬೆಲೆ ಬರುವವರೆಗೆ ಕಾಯಿಸಬಹುದು, ತೌಡು ಕಾಯುವುದಿಲ್ಲ. ಗೋದಾಮಿನಲ್ಲಿ ಎಷ್ಟು ಚೀಲ ತೌಡು ನಿಂತಿದೆ, ಯಾವ ವಾರ ಗಿರಣಿಗೆ ನಗದು ತುರ್ತಾಗಿ ಬೇಕು, ಬೆಲೆಯಲ್ಲಿ ಎಷ್ಟರವರೆಗೆ ಇಳಿಯಲು ಯಜಮಾನರು ಒಪ್ಪುತ್ತಾರೆ ಎಂಬುದು ತಿಳಿದವರ ಕೈಯಲ್ಲಿ ಬೆಲೆಯ ಕಡಿವಾಣವಿರುತ್ತದೆ. ಅಕ್ಕನಿಗೆ ಈ ಮೂರೂ ತಿಳಿದಿದ್ದವು.

ಅವರು ಸೇರುವ ಮೊದಲೇ ಹೊಸ ಕಾರ್ಖಾನೆಯವರಿಗೆ ಬರೆದುಕೊಟ್ಟರು: ಒಂದು ವರ್ಷ ಈ ಗಿರಣಿಯ ಖರೀದಿ ಮಾತುಕತೆ, ಬಿಲ್ಲು ಯಾವುದಕ್ಕೂ ತಮ್ಮನ್ನು ಹಚ್ಚಬಾರದು. ಅದರ ಪ್ರತಿಯನ್ನು ಯಜಮಾನರ ಕೈಗೂ ಕೊಟ್ಟರು. ಫೋನಿನಲ್ಲಿದ್ದ ದರದ ಸಂದೇಶಗಳನ್ನು ಹುಡುಗನ ಎದುರಿಗೇ ಅಳಿಸಿದರು. ಗಿರಣಿಯ ಒಂದು ಹಾಳೆಯನ್ನೂ ಮನೆಗೆ ಒಯ್ಯಲಿಲ್ಲ. ಯಾರೂ ಇದನ್ನು ಕೇಳಿರಲಿಲ್ಲ. ಯಜಮಾನರು ಆ ಪ್ರತಿಯನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು. ಅವತ್ತಿನಿಂದ ಅವರ ದನಿ ಮೊದಲಿನಂತಾಯಿತು ಎಂದು ಅಕ್ಕ ಹೇಳುತ್ತಾರೆ.

ಗ್ರಾಚ್ಯುಟಿ ಎಂಬ ಬಿಕ್ಕಟ್ಟು

ಮಾತು ಸರಿಹೋದ ಮೇಲೆ ಕೆಡುವುದು ಹಣದಲ್ಲಿ. ಯಜಮಾನರು 50,000 ರೂಪಾಯಿ, ಒಂದು ಇಳಕಲ್ ಸೀರೆ ‘ಸಂತೋಷಕ್ಕೆ’ ಕೊಡಬೇಕೆಂದಿದ್ದರು. ಪ್ರೀತಿಯಿಂದ ಹೇಳಿದ್ದು. ಆದರೆ ಅಕ್ಕನಿಗೆ ಬರಬೇಕಾದದ್ದು ಅದಲ್ಲ; ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಬಿಡುವಾಗ ಕಾನೂನಿನಂತೆ ಸಲ್ಲುವ ಹಣ.

ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಪ್ರಕಾರ ಐದು ವರ್ಷ ಸತತವಾಗಿ ದುಡಿದವರು ರಾಜೀನಾಮೆ ಕೊಟ್ಟು ಹೋದರೂ ಅದಕ್ಕೆ ಹಕ್ಕುದಾರರು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆ ಪೂರ್ತಿ ವರ್ಷವೆಂದೇ ಲೆಕ್ಕ. ಅಕ್ಕನ ಮೂಲವೇತನ 24,000. ಸೇವೆ 8 ವರ್ಷ 8 ತಿಂಗಳು, ಅಂದರೆ 9. ಒಟ್ಟು 1,24,615 ರೂಪಾಯಿ. ಬಾಕಿಯಾದ ದಿನದಿಂದ 30 ದಿನದೊಳಗೆ ಕೊಡಬೇಕು. (2025ರ ನವೆಂಬರ್ 21ರಿಂದ ಈ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಕಾಯಂ ನೌಕರರಿಗೆ ಐದು ವರ್ಷದ ನಿಯಮ ಹಾಗೆಯೇ ಇದೆ. ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು.)

ಬೇರೆಯವರ ಗ್ರಾಚ್ಯುಟಿ ಲೆಕ್ಕವನ್ನು ಮಾಡಿದ್ದ ಅಕ್ಕನಿಗೆ ತಮ್ಮದನ್ನು ಕೇಳಲು ನಾಚಿಕೆ. “ಈಗ ತಾನೇ ಸರಿಹೋಗಿದೆ ಸರ್, ಹಣದ ಮಾತು ಎತ್ತಿದರೆ ಏನೆಂದುಕೊಳ್ಳುತ್ತಾರೋ” ಎಂದರು. ನಾನು ಗಿರಣಿಯ ಸಲಹೆಗಾರ, ಅಕ್ಕನ ವಕೀಲನಲ್ಲ. ಆದರೂ ಯಜಮಾನರಿಗೆ ಸರಿಯಾದ ಲೆಕ್ಕ ಹೇಳುವುದು ಗಿರಣಿಗೇ ಹಿತ ಎಂದು ನನಗೆ ಸಂಶಯವಿರಲಿಲ್ಲ. ಹಾಳೆಯ ಮೇಲೆ ಲೆಕ್ಕ ಬರೆದು ಮುಂದಿಟ್ಟೆ.

ಅವರ ಮುಖ ಕೆಂಪಾಯಿತು. “ನಾನು ಕೊಡುವುದಿಲ್ಲ ಅಂದೆನೇ ಆಡಿಟರೇ? ಮಗಳಿಗೆ ಕೊಡುವಂತೆ ಕೊಡುತ್ತಿದ್ದೆನಲ್ಲ.”

“ಮಗಳಿಗೆ ಕೊಡುವುದನ್ನು ಬೇರೆಯಾಗಿ ಕೊಡಿ. ಇದು ಅವರು ದುಡಿದದ್ದು” ಎಂದೆ. ಅಂದು ಅವರು ನನಗೆ ಚಹಾ ತರಿಸಲಿಲ್ಲ. ಫೆಬ್ರುವರಿ 19ರಂದು 1,24,615 ರೂಪಾಯಿಯ ಚೆಕ್ಕನ್ನು ಹುಡುಗನ ಕೈಯಲ್ಲಿ ಅಕ್ಕನ ಮನೆಗೆ ಕಳುಹಿಸಿದರು.

ಪಿಎಫ್ ವಿಷಯ ಬೇಗ ಮುಗಿಯಿತು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಅಕ್ಕನದು ಅಷ್ಟಾಗಿರಲಿಲ್ಲ. ಹಣ ಹಿಂತೆಗೆದಿದ್ದರೆ ಸೇವೆಯ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅದೇ ಯುಎಎನ್ (ಪಿಎಫ್ ಸದಸ್ಯರ ಕಾಯಂ) ಸಂಖ್ಯೆಯಲ್ಲಿ ಹೊಸ ಕಾರ್ಖಾನೆಗೆ ವರ್ಗಾಯಿಸಿಕೊಳ್ಳಲು ಹೇಳಿದೆ. ಅನುಭವ ಪತ್ರವನ್ನು ಮಾತ್ರ ಕೊನೆಯ ದಿನವೇ ಕೇಳಿ ಪಡೆಯಬೇಕಿತ್ತು; ಸಂಕೋಚಪಟ್ಟು ಮಾರ್ಚ್‌ವರೆಗೆ ಎಳೆದರು.

ಜನವರಿ 31 ಮತ್ತು ಆಮೇಲೆ

ಕೊನೆಯ ದಿನ ಅಕ್ಕ ಎಲ್ಲರಿಗೂ ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿದ್ದರು. ಮೊದಲ ಪೊಟ್ಟಣ ಹಮಾಲರಿಗೆ. ಭಾಷಣ ಯಾರೂ ಮಾಡಲಿಲ್ಲ. ಸಂಜೆ ಯಜಮಾನರ ಮನೆಯವರು ಅಕ್ಕನನ್ನು ಮನೆಗೆ ಕರೆಸಿ, ಮಣೆಯ ಮೇಲೆ ಕೂರಿಸಿ, ಗಿರಣಿಯ ಸೋನಾ ಮಸೂರಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದರು. ಇಳಕಲ್ ಸೀರೆಯೂ ಅದರಲ್ಲಿತ್ತು.

ಫೆಬ್ರುವರಿಯಲ್ಲಿ ಹುಡುಗ ಹನ್ನೊಂದು ಸಲ ಫೋನ್ ಮಾಡಿದ. ಸಂಜೆ ಆರರ ಮೇಲೆ ಮಾಡಬೇಕು, ಮೊದಲು ನೀಲಿ ಪುಸ್ತಕ ನೋಡಿರಬೇಕು ಎಂದು ಅಕ್ಕ ಕಟ್ಟು ಹಾಕಿದ್ದರು. ಮಾರ್ಚ್‌ನಲ್ಲಿ ನಾಲ್ಕಕ್ಕೆ ಇಳಿಯಿತು. ಒಮ್ಮೆ ಯಜಮಾನರೇ ಅಭ್ಯಾಸಬಲದಿಂದ ಫೋನ್ ಮಾಡಿ, “ಏನಮ್ಮಾ, ತೌಡಿಗೆ ಇವತ್ತು ಏನು ಹೇಳೋಣ?” ಎಂದರಂತೆ. “ಅದನ್ನು ನಾನು ಹೇಳಬಾರದು ಯಜಮಾನರೇ” ಎಂದರು ಅಕ್ಕ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಹೌದಲ್ಲ. ಮಗಳ ಪರೀಕ್ಷೆ ಹೇಗಾಯಿತು?” ಎಂದು ಕೇಳಿದರು.

ಮಾರ್ಚ್ ಕೊನೆಯಲ್ಲಿ ಮಲೇಬೆನ್ನೂರು ಕಡೆಯ ಅಜ್ಜನ ಮಗ ಗಿರಣಿಗೆ ಬಂದ. ಅಪ್ಪನಿಗೆ ಹುಷಾರಿಲ್ಲ, 85,000 ಕೊಡಿ ಎಂದ. ಹುಡುಗ ನೀಲಿ ಪುಸ್ತಕ ತೆರೆದು ನೋಡಿ ಮುಚ್ಚಿದ. “ಅಣ್ಣಾ, ಈ ಖಾತೆಗೆ ಅಜ್ಜನೇ ಬರಬೇಕೆಂದು ಯಜಮಾನರ ಕಟ್ಟಪ್ಪಣೆ. ಅಜ್ಜನಿಗೆ ಓಡಾಡಲು ಆಗದಿದ್ದರೆ ಹೇಳಿ, ನಾನೇ ಊರಿಗೆ ಬರುತ್ತೇನೆ” ಎಂದು ಚಹಾ ಕುಡಿಸಿ ಕಳುಹಿಸಿದ.

2024ರ ಯುಗಾದಿ ಏಪ್ರಿಲ್ 9ಕ್ಕೆ. ಅದಾದ ಹತ್ತು ದಿನಕ್ಕೆ ಅಜ್ಜ ಬಸ್ಸಿಳಿದು ಬಂದರು, ಗಟ್ಟಿಮುಟ್ಟಾಗಿಯೇ. ಹುಡುಗ ಹಣವನ್ನು ಅವರ ಬ್ಯಾಂಕ್ ಖಾತೆಗೆ ಹಾಕಿಸಿದ. ಗುಂಡಿ ಒತ್ತುವ ಹಳೆಯ ಮೊಬೈಲ್‌ಗೆ ಸಂದೇಶ ಬರುವವರೆಗೆ ಅಜ್ಜ ಬೆಂಚಿನ ಮೇಲೆ ಕಾದು ಕುಳಿತರು. ಬಂದ ಮೇಲೆ ಹುಡುಗನಿಂದ ಎರಡು ಸಲ ಓದಿಸಿಕೊಂಡರು. ಅವರು ಗೇಟು ದಾಟಿದ ಮೇಲೆ ಹುಡುಗ ನೀಲಿ ಪುಸ್ತಕದ ಆ ಪುಟ ತೆಗೆದು, ಅಕ್ಕನ ಅಕ್ಷರಗಳ ಮುಂದೆ ತಾರೀಕು ಬರೆದು, ತನ್ನ ಸಹಿ ಹಾಕಿದ.